ರೇಷ್ಮೆಗೆ ಧೂಳು ಬೀಳಬಾರದೆಂದು

ನನ್ನ ಸೊಂಟದಲ್ಲಿ ಯಾವಾಗಲೂ ಎರಡು ವಸ್ತು ಇರುತ್ತವೆ. ಒಂದು ಮನೆಯ ಕೀಲಿಕೈ ಗೊಂಚಲು, ಇನ್ನೊಂದು ಉಸಿರಿನ ಪಂಪು, ಇನ್ಹೇಲರ್ ಅನ್ನುತ್ತಾರಲ್ಲ, ಅದು. ಬಸ್ಸಿನಲ್ಲಾಗಲಿ, ಮದುವೆ ಮನೆಯಲ್ಲಾಗಲಿ, ಬೇಕೆನಿಸಿದರೆ ಪಂಪನ್ನು ತೆಗೆದು ಎಲ್ಲರ ಎದುರಿಗೇ ಎಳೆದುಕೊಳ್ಳುತ್ತೇನೆ. ನೋಡಿದವರಲ್ಲಿ ಯಾರಾದರೂ ಒಬ್ಬರು ಆಮೇಲೆ ಪಕ್ಕಕ್ಕೆ ಬಂದು, ದನಿ ತಗ್ಗಿಸಿ, "ನಮ್ಮ ಮನೇಲೂ ಒಬ್ರಿಗೆ ಐತಮ್ಮ, ಹೇಳ್ಕಳಕ್ಕೆ ನಾಚಿಕೆ" ಅನ್ನುತ್ತಾರೆ. ಅಂಥವರಿಗೆ ನಿಂತ ನಿಲುವಿನಲ್ಲಿ ಹೇಳಿ ಮುಗಿಸಲಾಗದ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಕೊನೆಗೆ ಗೆದ್ದವಳು ನಾನೇ ಎಂದು ಮೊದಲೇ ಹೇಳಿಬಿಡುತ್ತೇನೆ. ಓದುವವರು ಸುಮ್ಮನೆ ಹೆದರುವುದು ಬೇಡ.

ನಮ್ಮದು ಮೊಳಕಾಲ್ಮೂರು. ಮನೆಯ ಮುಂದಿನ ಪಡಸಾಲೆಯಲ್ಲಿ ಅತ್ತೆಯ ರೇಷ್ಮೆ ಮಗ್ಗ, ಹಿಂದಿನ ಕೋಣೆಯಲ್ಲಿ ಯಜಮಾನರ ಮರಗೆಲಸ. ಅವರು ಮಾಡುವುದೆಲ್ಲ ಮಗ್ಗದ ಸಾಮಾನೇ. ಲಾಳಿ ಓಡುವ ಹಲಗೆ, ನೇಯ್ದ ಸೀರೆ ಸುತ್ತಿಕೊಳ್ಳುವ ದಿಂಡು, ಇಂಥವು. ಮೇಜು ಕುರ್ಚಿಯಾದರೆ ಕೈಗೆ ನುಣುಪಾಗಿದ್ದರೆ ಸಾಕು, ಮಗ್ಗದ ಹಲಗೆ ರೇಷ್ಮೆಗೇ ನುಣುಪಾಗಿರಬೇಕು. ಅದನ್ನು ಪರೀಕ್ಷೆ ಮಾಡುವುದೂ ರೇಷ್ಮೆಯಿಂದಲೇ. ಅತ್ತೆ ಬಣ್ಣ ಹಾಕದ ಒಂದು ಎಳೆಯನ್ನು ಹಲಗೆಯ ಮೇಲೆ ಇಳಿಬಿಟ್ಟು, ಉಸಿರು ಬಿಗಿಹಿಡಿದು ಮೆಲ್ಲಗೆ ಎಳೆಯುತ್ತಾರೆ. ಕಣ್ಣಿಗೆ ಕಾಣದ ಒಂದು ಸಿಬಿರಿಗೆ ಎಳೆ ತೊಡರಿಕೊಂಡರೂ "ಹಿಡೀತು" ಅನ್ನುತ್ತಾರೆ. ಆಮೇಲೆ ಅಪೀಲಿಲ್ಲ, ಹಲಗೆ ವಾಪಸು.

ಆ ಹಲಗೆಗಳನ್ನು ಉಜ್ಜುವ ಕೆಲಸ ನನ್ನದು. ನಾನು ದೇವಸಮುದ್ರದ ಕಡೆಯ ನೇಕಾರರ ಮನೆಯ ಮಗಳು, ಬೆರಳಿಗೆ ಎಳೆಯ ಗುಣ ಗೊತ್ತು. ಯಜಮಾನರು ಉಜ್ಜಿದ್ದು ಹತ್ತಕ್ಕೆ ನಾಲ್ಕು ಸಲ ಹಿಡಿಯುತ್ತಿತ್ತು, ನಾನು ಉಜ್ಜಿದ್ದು ಹಿಡಿಯುತ್ತಿರಲಿಲ್ಲ. ಇದು ಜಂಬವಾದರೆ ಜಂಬವೇ ಆಗಲಿ. ಮೊದಲೆಲ್ಲ ಉಪ್ಪುಕಾಗದ ಹಿಡಿದು ಕೈಯಲ್ಲೇ ಉಜ್ಜುತ್ತಿದ್ದೆ. ತೊಂಬತ್ತರ ದಶಕದ ಕೊನೆಕೊನೆಗೆ ಯಜಮಾನರು ಬಳ್ಳಾರಿಯಲ್ಲಿ ಯಾವುದೋ ಮುಚ್ಚಿಹೋದ ಮರದಂಗಡಿಯಿಂದ ಕರೆಂಟಿನ ಸ್ಯಾಂಡಿಂಗ್ ಮಿಷನ್ ತಂದರು. ಹಳೆಯ ಮಾಲು. ಡಬ್ಬವಿಲ್ಲ, ಹೇಗೆ ಬಳಸಬೇಕೆಂದು ಹೇಳುವ ಪುಸ್ತಕವಿಲ್ಲ, ಗೋಣಿಚೀಲದಲ್ಲಿ ಸುತ್ತಿಕೊಂಡು ಬಂತು. ಜೊತೆಗೆ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ದಪ್ಪ ಬಟ್ಟೆಯ ಚೀಲ, ಅದರ ಬಾಯಿಗೆ ರಬ್ಬರಿನ ಬಳೆ. ಮಿಷನ್ ಒರೆಸುವ ಬಟ್ಟೆ ಇಡಲಿಕ್ಕಿರಬೇಕೆಂದು ಯಜಮಾನರ ಅಂದಾಜು. ಬಟ್ಟೆ ಗಟ್ಟಿಯಾಗಿದ್ದುದನ್ನು ಕಂಡು ಅತ್ತೆ ಅದನ್ನು ಎತ್ತಿಕೊಂಡು ಹೋದರು. ತೊಳೆದು, ಬಾಯಿಗೆ ದಾರ ಪೋಣಿಸಿ, ತಮ್ಮ ಎಲೆಯಡಿಕೆ ಚೀಲ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಮಿಷನ್ ಕೈಗೆ ಬಂದ ಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಮಧ್ಯಾಹ್ನವೆಲ್ಲ ಉಜ್ಜಬೇಕಾಗಿದ್ದ ಹಲಗೆ ಒಲೆಯ ಮೇಲಿಟ್ಟ ಬೇಳೆ ಬೇಯುವಷ್ಟರಲ್ಲಿ ಮುಗಿಯುತ್ತಿತ್ತು. ಸೆರಗನ್ನು ಬಿಗಿಯಾಗಿ ಸಿಕ್ಕಿಸಿ, ತಾಳಿಯನ್ನು ರವಿಕೆಯೊಳಗೆ ಇಳಿಬಿಟ್ಟು, ಗಾಜಿನ ಬಳೆಗಳನ್ನು ಮೊಣಕೈವರೆಗೆ ಏರಿಸಿ ಬಟ್ಟೆ ಸುತ್ತಿ ಕೂತರೆ ಅತ್ತೆ ಬಾಗಿಲಲ್ಲಿ ನಿಂತು, "ಕುಸ್ತಿಗೆ ಹೊಂಟಂಗೆ ಕಾಣ್ತೀಯಲ್ಲೇ ಗೌರಿ" ಅನ್ನುತ್ತಿದ್ದರು. ಅಷ್ಟು ಅಂದು, "ಬಾಗಿಲು ಹಾಕ್ಕ. ಸೀರೆ ಮೇಲೆ ಧೂಳು ಬೀಳ್ತೈತೆ" ಎಂದು ಹೋಗುತ್ತಿದ್ದರು.

ರೇಷ್ಮೆ ನೇಯುವ ಮನೆಯಲ್ಲಿ ಇದು ಎರಡು ಮಾತಿಲ್ಲದ ವಿಷಯ. ಮಗ್ಗದ ಮೇಲೆ ಮೊಸರಿನ ಬಣ್ಣದ ಹಾಸು ಬಿಗಿದಿರುವಾಗ ಹೊನ್ನೆ ಮರದ ಕೆಂಪು ಧೂಳು ಹಾರಿ ಕೂತರೆ ಸೀರೆ ಕೆಟ್ಟಿತೆಂದೇ ಲೆಕ್ಕ. ಅದಕ್ಕೇ ನಾನು ಬಾಗಿಲು ಹಾಕಿ, ಅದರ ಸಂದಿಗೆ ಗೋಣಿ ತುರುಕಿ, ನಮ್ಮ ಬಯಲುಸೀಮೆಯ ಗಾಳಿ ಎಲ್ಲಿಂದ ಸುತ್ತಿ ಬರುತ್ತದೋ ಎಂದು ಕಿಟಕಿಯನ್ನೂ ಬಿಗಿಯಾಗಿ ಮುಚ್ಚಿ ಉಜ್ಜುತ್ತಿದ್ದೆ. ಕೆಲಸ ಮುಗಿಸಿ ಹೊರಗೆ ಬಂದರೆ ರೆಪ್ಪೆಯ ಮೇಲೆಲ್ಲ ಕೆಂಪು. ಸೀರೆಗೆ ಒಂದು ಕಣವೂ ಬೀಳಲಿಲ್ಲ. ಬೀಳದ ಧೂಳು ಎಲ್ಲಿಗೆ ಹೋಯಿತೆಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.

ಕೆಮ್ಮು ಸಣ್ಣದಾಗಿ ಶುರುವಾಯಿತು. ಮೊದಲು ಬೆಳಗಿನ ಜಾವ, ಆಮೇಲೆ ನೀರು ಹೊತ್ತು ತರುವಾಗ, ಕೊನೆಗೆ ರೊಟ್ಟಿ ತಟ್ಟುವಾಗಲೂ. ಮಲಗಿದರೆ ಎದೆಯಲ್ಲಿ ಬೆಕ್ಕು ಗುರುಗುಟ್ಟಿದಂತೆ ಸದ್ದು. ಶುಂಠಿ ಕಷಾಯವಾಯಿತು, ಜೇನುತುಪ್ಪವಾಯಿತು, ಊರಿನ ಕಾಂಪೌಂಡರ ಇಂಜೆಕ್ಷನ್ ಆಯಿತು. ಹಬ್ಬಕ್ಕೆಂದು ತವರಿಗೆ ಹೋದಾಗ ಮಾತ್ರ ಕೆಮ್ಮು ತಾನಾಗಿ ಇಳಿಯಿತು. ವಾಪಸು ಬಂದು ವಾರವಾಗುವುದರೊಳಗೆ ಮತ್ತೆ ಹಾಜರ್. ಎದುರು ಮನೆಯ ಹೆಂಗಸರಿಗೆ ಇಷ್ಟು ಸಾಕಾಗಿತ್ತು. "ನಿಮ್ಮ ಸೊಸೆ ಕೆಮ್ಮಿಗೆ ತವರು ಮನೆ ಗಾಳೀನೇ ಔಷಧಿ" ಎಂದು ಅತ್ತೆಗೆ ಚುಚ್ಚುತ್ತಿದ್ದರು. ಅತ್ತೆ ಆ ಮಾತನ್ನು ಮನೆಗೆ ತಂದು ನನಗೆ ಚುಚ್ಚುತ್ತಿದ್ದರು.

ನಗು ನಿಂತದ್ದು "ಟೀಬಿ" ಎಂಬ ಪದ ಮನೆಯೊಳಗೆ ಬಂದಾಗ. ಅತ್ತೆಯ ಅಕ್ಕ ಚಿಕ್ಕ ವಯಸ್ಸಿನಲ್ಲಿ ಆ ರೋಗದಿಂದಲೇ ಹೋಗಿದ್ದರಂತೆ. ಒಂದು ಬೆಳಿಗ್ಗೆ ನೋಡಿದರೆ ನನ್ನ ಲೋಟ, ನನ್ನ ತಟ್ಟೆ ಬೇರೆ ಗೂಡಿನಲ್ಲಿದ್ದವು. ಯಾರೂ ಏನೂ ಹೇಳಲಿಲ್ಲ. ಅವತ್ತು ನನಗೆ ಬಂದ ಸಿಟ್ಟು ಇಷ್ಟಿಷ್ಟಲ್ಲ. ಸಿಟ್ಟಿನ ಕೆಳಗೆ ಭಯವಿತ್ತು, ಭಯದ ಕೆಳಗೆ ಅಳು. ಆ ಲೋಟದಲ್ಲಿ ಕಾಫಿ ಕುಡಿಯುತ್ತ ಹಿತ್ತಲಿನ ಬೇವಿನ ಮರದ ಕೆಳಗೆ ಕೂತು ಅತ್ತುಬಿಟ್ಟೆ.

ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿದರು, ಎಕ್ಸ್‌ರೇ ತೆಗೆದರು. ಟೀಬಿ ಇಲ್ಲ ಎಂದರು. ಲೋಟ ಮಾತ್ರ ಹಳೆಯ ಗೂಡಿಗೆ ಬರಲಿಲ್ಲ, ಏಕೆಂದರೆ ಕೆಮ್ಮು ನಿಂತಿರಲಿಲ್ಲ. ಕೊನೆಗೆ ಯಾರೋ ಚಳ್ಳಕೆರೆಯಲ್ಲಿ ಎದೆರೋಗ ನೋಡುವ ಡಾಕ್ಟರಮ್ಮ ಒಬ್ಬರಿದ್ದಾರೆ ಎಂದರು. ಯಜಮಾನರಿಗೆ ಅವತ್ತು ದಿಂಡು ಕೊಡುವುದಿತ್ತು. ಅತ್ತೆ, "ನಾನೇ ಕರ್ಕಂಡೋಗ್ತೀನಿ ಬಿಡಪ್ಪ" ಎಂದು ಹೊಸ ಸೀರೆ ಉಟ್ಟು ಹೊರಟರು.

ಡಾಕ್ಟರಮ್ಮನ ಅಂಗಡಿಸಾಲಿನ ಕ್ಲಿನಿಕ್ಕಿನಲ್ಲಿ ಎರಡು ಬೆಂಚು, ಅದರ ತುಂಬ ಕೆಮ್ಮುವವರು. ಒಬ್ಬರು ಶುರುಮಾಡಿದರೆ ಉಳಿದವರು ಸೋಬಾನೆ ಪದಕ್ಕೆ ದನಿಗೂಡಿಸಿದಂತೆ ಸೇರಿಕೊಳ್ಳುತ್ತಿದ್ದರು. ನನ್ನ ಪಕ್ಕ ರಾಯದುರ್ಗದ ಕಡೆಯ ಒಬ್ಬ ಅಜ್ಜಿ. ನಾನು ಉಸಿರಿಗಾಗಿ ಬೆಂಚಿನ ಅಂಚು ಹಿಡಿದುಕೊಂಡದ್ದನ್ನು ನೋಡಿ, ತಾನು ಕೂತಿದ್ದ ಕಿಟಕಿ ಪಕ್ಕದ ಜಾಗ ಬಿಟ್ಟು ಎದ್ದಳು. "ಇಕ್ಕಡ ಕೂಚೋಮ್ಮಾ. ಏಂ ಕಾದುಲೇ" ಎಂದು ತೆಲುಗಿನಲ್ಲಿ ಹೇಳಿ ಬೆನ್ನು ಸವರಿದಳು. ಏನೂ ಆಗಲ್ಲ ಬಿಡು ಎಂದು ಅಷ್ಟು ದಿನ ನನಗೆ ಯಾರೂ ಹೇಳಿರಲಿಲ್ಲ. ಆ ಅಜ್ಜಿಯ ಹೆಸರು ಗೊತ್ತಿಲ್ಲ. ಅವಳು ಎಲ್ಲಿದ್ದರೂ ತಣ್ಣಗಿರಲಿ.

ಡಾಕ್ಟರಮ್ಮ ಎದೆಗೆ ಸ್ಟೆತಸ್ಕೋಪಿಟ್ಟು ತುಂಬ ಹೊತ್ತು ಕೇಳಿದರು. "ಯಾವಾಗ ಕಡಿಮೆಯಾಗುತ್ತೆ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ತವರಿಗೆ ಹೋದ್ರೆ ಕಮ್ಮಿ ಆಗ್ತೈತ್ರಿ ಅವಳಿಗೆ" ಎಂದು ಮೂತಿ ತಿರುವಿದರು.

ಡಾಕ್ಟರಮ್ಮ ನಗಲಿಲ್ಲ. ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. "ಇಲ್ಲಿ ಮಾಡುವ ಯಾವ ಕೆಲಸ ತವರಲ್ಲಿ ಮಾಡೋದಿಲ್ಲ ನೀವು?"

ನಾನು ಮಿಷನ್ನಿನ ವಿಷಯ ಹೇಳಿದೆ. ಬಾಗಿಲು, ಗೋಣಿ, ಕಿಟಕಿ ಎಲ್ಲ ಹೇಳಿದೆ. ಅವರು ಉಸಿರಿನ ಜೋರು ಅಳೆಯುವ ಒಂದು ಪುಟ್ಟ ಕೊಳವೆ ಕೊಟ್ಟು ಊದಲು ಹೇಳಿದರು. ಬಾಯಿಟ್ಟು ಜೋರಾಗಿ ಊದಿದರೆ ಪಕ್ಕದಲ್ಲಿರುವ ಕೆಂಪು ಮುಳ್ಳು ಮುಂದಕ್ಕೆ ಓಡಬೇಕು. ನಾನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಊದಿದೆ. ಮುಳ್ಳು ಮನಸ್ಸಿಲ್ಲದ ಎತ್ತಿನಂತೆ ಎರಡು ಹೆಜ್ಜೆ ಇಟ್ಟು ನಿಂತಿತು. ಅತ್ತೆಗೆ ನಂಬಿಕೆಯಾಗಲಿಲ್ಲ. "ಸರಿಯಾಗಿ ಊದಿಲ್ಲ ಇವಳು. ಇಲ್ಲಿ ಕೊಡ್ರಿ" ಎಂದು ಕೈ ಚಾಚಿದರು. ಡಾಕ್ಟರಮ್ಮ ಕೊಳವೆಯ ಬಾಯಿಗೆ ಸಿಕ್ಕಿಸಿದ್ದ ಕಾಗದದ ತುಂಡು ಬದಲಾಯಿಸಿ ಕೊಟ್ಟರು. ಅರವತ್ತು ದಾಟಿದ ನನ್ನ ಅತ್ತೆ, ಬಾಯಲ್ಲಿ ಅರ್ಧ ಹಲ್ಲಿಲ್ಲದವರು, ಒಂದೇ ಸಲ ಊದಿ ಮುಳ್ಳನ್ನು ನನ್ನದಕ್ಕಿಂತ ಎಷ್ಟೋ ಮುಂದೆ ಓಡಿಸಿದರು. ಗೆದ್ದೆನೆಂದು ನನ್ನ ಕಡೆ ತಿರುಗಿದವರ ಮುಖ ಅಲ್ಲೇ ಬಾಡಿತು. ನನ್ನ ವಯಸ್ಸು ಅವರದರ ಅರ್ಧ.

"ಇದು ಉಬ್ಬಸ. ಮರದ ಧೂಳಿನಿಂದ ಬಂದಿದೆ" ಎಂದರು ಡಾಕ್ಟರಮ್ಮ. "ಯಾರಿಗೂ ಅಂಟೋದಿಲ್ಲ" ಎಂದು ಅತ್ತೆಯ ಮುಖ ನೋಡಿ ಇನ್ನೊಮ್ಮೆ ಹೇಳಿದರು. ದಿನಾ ಎಳೆದುಕೊಳ್ಳಲು ಒಂದು ಪಂಪು, ಕಷ್ಟವಾದಾಗ ಎಳೆದುಕೊಳ್ಳಲು ಇನ್ನೊಂದು ಬರೆದುಕೊಟ್ಟರು. ಸದ್ಯಕ್ಕೆ ಮಿಷನ್ ಮುಟ್ಟಲೇಬಾರದು, ಆಮೇಲೂ ಧೂಳು ಮೂಗಿನ ಹತ್ತಿರ ಸುಳಿಯದಂತೆ ಮಾಡಲಿಕ್ಕಾಗದಿದ್ದರೆ ಆ ಕೆಲಸವನ್ನೇ ಬಿಡಬೇಕು ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಚೀಲವನ್ನೂ ತಾವೇ ಹಿಡಿದುಕೊಂಡರು. ಅವತ್ತು ಸಂಜೆ ನನ್ನ ಲೋಟ ಎಲ್ಲ ಲೋಟಗಳ ನಡುವೆ ಕೂತಿತ್ತು. ಅದನ್ನೂ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಪಂಪು ಬಂದದ್ದೇ ತಡ, ಊರಿಗೆಲ್ಲ ವೈದ್ಯಜ್ಞಾನ ಬಂತು. ಅದನ್ನು ಹಿಡಿದವರು ಬಿಡುವುದುಂಟೇ, ಇನ್ನು ಸಾಯುವವರೆಗೂ ಅದರ ಗುಲಾಮಳೇ ಎಂದರು. ಮೊದಲ ದಿನಗಳಲ್ಲಿ ನಾನೂ ಅದನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟು, ಬಚ್ಚಲುಮನೆಗೆ ಹೋಗಿ ಕಳ್ಳಿಯಂತೆ ಎಳೆದುಕೊಳ್ಳುತ್ತಿದ್ದೆ. ಕೆಲವು ವಾರಗಳಾದ ಮೇಲೆ ಒಂದು ಬೆಳಿಗ್ಗೆ ಎದ್ದಾಗ ಎದೆಯಲ್ಲಿ ಬೆಕ್ಕಿಲ್ಲ. ಮಲಗಿದಲ್ಲೇ ಉಸಿರು ಎಳೆದೆ, ಬಿಟ್ಟೆ, ಮತ್ತೆ ಎಳೆದೆ. ಸಂತೋಷಕ್ಕೆ ನಗು ಬಂತು. ಅವತ್ತೇ ಪಂಪನ್ನು ಅಕ್ಕಿ ಡಬ್ಬದ ಹಿಂದಿನಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಉಸಿರು ಬಂತು, ಕೆಲಸ ಹೋಗಿತ್ತು. ಮಿಷನ್ ಮಾರಿಬಿಡುವುದೆಂದು ಯಜಮಾನರು ತೀರ್ಮಾನಿಸಿದ್ದರು. ಅಷ್ಟರವರೆಗೆ ಅವರೇ ಉಪ್ಪುಕಾಗದದಲ್ಲಿ ಉಜ್ಜಿದ ಹಲಗೆಗಳನ್ನು ಅತ್ತೆ ಒಂದೊಂದಾಗಿ ಎಳೆಯಿಟ್ಟು ನೋಡುತ್ತಿದ್ದರು. "ಹಿಡೀತು." ಸ್ವಲ್ಪ ಹೊತ್ತು ಬಿಟ್ಟು, "ಇಲ್ಲೂ ಹಿಡೀತು." ಒಳಗಿನಿಂದ ಅದನ್ನು ಕೇಳಿಸಿಕೊಳ್ಳುವಾಗ ನನ್ನ ಕೈಯನ್ನೇ ಯಾರೋ ಕಟ್ಟಿಹಾಕಿದ ಹಾಗಾಗುತ್ತಿತ್ತು. ನಾನು ಏನನ್ನಾದರೂ ಚೆನ್ನಾಗಿ ಮಾಡುತ್ತೇನೆಂದರೆ ಅದೊಂದನ್ನೇ. ಅದಿಲ್ಲದೆ ಬದುಕುವುದು ನನಗೆ ಬೇಕಿರಲಿಲ್ಲ, ಉಸಿರಿಲ್ಲದೆ ಬದುಕುವುದಂತೂ ಆಗುತ್ತಿರಲಿಲ್ಲ.

ಮಿಷನ್ ಕೊಳ್ಳುವವರು ಬಂದು ನೋಡುತ್ತೇವೆಂದು ಹೇಳಿಕಳಿಸಿದ್ದ ದಿನ. ಕೊಡುವ ವಸ್ತುವನ್ನು ಹೊಲಸಾಗಿ ಕೊಡಬಾರದೆಂದು, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಹಿತ್ತಲಲ್ಲಿ ಕೂತು ಅದನ್ನು ಒದ್ದೆ ಬಟ್ಟೆಯಿಂದಲೇ ಒರೆಸತೊಡಗಿದೆ. ಅಷ್ಟು ದಿನ ಬಳಸಿದರೂ ಅದರ ಹಿಂಭಾಗವನ್ನು ಗಮನವಿಟ್ಟು ನೋಡಿರಲಿಲ್ಲ. ಅಲ್ಲೊಂದು ಮೋಟು ಮೂತಿ. ಬೆರಳು ಹಾಕಿದರೆ ಒಳಗೆಲ್ಲ ಗಟ್ಟಿಯಾಗಿ ಕೂತ ಕೆಂಪು ಧೂಳು. ಕೆಳಗಿನ ಪಟ್ಟಿಯಲ್ಲಿ ಸಾಲಾಗಿ ತೂತುಗಳಿದ್ದವು. ಅಲ್ಲಿಂದ ಹೀರಿದ ಧೂಳನ್ನು ಮಿಷನ್ ಈ ಮೂತಿಯಿಂದ ಹೊರಗೆ ಉಗುಳುತ್ತಿತ್ತು, ನೇರ ನನ್ನ ಮುಖಕ್ಕೆ. ಮೂತಿಯ ಸುತ್ತ ಏನನ್ನೋ ಕೂರಿಸಲೆಂದೇ ಮಾಡಿದ ಅಂಚು ಕೂಡ ಇತ್ತು.

ಅದೇ ಹೊತ್ತಿಗೆ ಅತ್ತೆ ಬಂದು ಕಟ್ಟೆಯ ಮೇಲೆ ಕೂತು, ಸೊಂಟದಿಂದ ಎಲೆಯಡಿಕೆ ಚೀಲ ತೆಗೆದು, ಅದರ ಬಾಯಿ ಅಗಲಿಸಿದರು. ರಬ್ಬರಿನ ಬಳೆ.

"ಅತ್ತೆ, ಆ ಚೀಲ ಇಲ್ಲಿ ಕೊಡ್ರಿ" ಎಂದೆ.

"ಎಲೆ ಬೇಕೇನೇ? ಇನ್ನೂ ಕೆಮ್ಮು ಪೂರ್ತಿ ಹೋಗಿಲ್ಲ ನಿಂಗೆ, ಸುಣ್ಣ ಖಾರ ಆಗ್ತೈತೆ."

"ಎಲೆ ಬ್ಯಾಡ್ರಿ, ಚೀಲ ಕೊಡ್ರಿ."

ಕಿತ್ತುಕೊಂಡೆನೆಂದೇ ಹೇಳಬೇಕು. ಎಲೆ, ಅಡಿಕೆ, ಸುಣ್ಣದ ಡಬ್ಬಿ ಎಲ್ಲ ಅತ್ತೆಯ ಮಡಿಲಿಗೆ ಸುರಿದವು. ದಾರ ಕಿತ್ತು, ಬಳೆಯನ್ನು ಮೂತಿಯ ಮೇಲೆ ಒತ್ತಿದೆ. ಟಪ್ ಎಂದು ಕೂತಿತು. ನಾನು ನಕ್ಕೆ. ಕೆಮ್ಮು ಬರುವಷ್ಟು ನಕ್ಕೆ. ಅತ್ತೆ ನಗಲಿಲ್ಲ. ಮಡಿಲಲ್ಲಿದ್ದ ಅಡಿಕೆ ನೆಲಕ್ಕೆ ಉರುಳಿದರೂ ನೋಡದೆ, "ನಿನ್ನ ಉಸಿರನ್ನ ನನ್ನ ಸೊಂಟದಾಗೆ ಕಟ್ಕಂಡು ತಿರುಗ್ತಿದ್ನಲ್ಲೇ ಗೌರಿ" ಎಂದರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಕೊಳ್ಳುವವರು ಬಂದಾಗ ಅವರನ್ನು ಬಾಗಿಲಲ್ಲೇ ತಡೆದು ಕಳಿಸಿದವರು ಅತ್ತೆಯೇ. "ಮಾರಲ್ಲಪ್ಪ. ನಮ್ಮ ಸೊಸೆದು ಅದು" ಎಂದರು.

ಚೀಲ ಹಾಕಿದ ಕೂಡಲೇ ಎಲ್ಲ ಸರಿಹೋಯಿತೆಂದು ಯಾರೂ ತಿಳಿಯಬೇಡಿ. ಡಾಕ್ಟರಮ್ಮ ಅಷ್ಟು ಸುಲಭಕ್ಕೆ ಒಪ್ಪುವವರಲ್ಲ. ಚೀಲ ತಡೆಯುವುದು ದಪ್ಪ ಧೂಳನ್ನು, ಎದೆಗೆ ಇಳಿಯುವುದು ಕಣ್ಣಿಗೆ ಕಾಣದ ಧೂಳು ಎಂದರು. ಸೆರಗಾಗಲಿ ಕರ್ಚೀಫಾಗಲಿ ಲೆಕ್ಕಕ್ಕಿಲ್ಲವೆಂದು ಧೂಳಿನ ಕೆಲಸದವರು ಹಾಕುವ ಗಟ್ಟಿ ಮಾಸ್ಕು ತರಿಸಿದರು. ನನಗೆ ಆಗದೇ ಇದ್ದ ಹೊನ್ನೆ ಮರವನ್ನು ಪೂರ್ತಿ ಬಿಡಿಸಿದರು. ಇವತ್ತಿಗೂ ಹೊನ್ನೆಯನ್ನು ನಾನು ಮುಟ್ಟುವುದಿಲ್ಲ, ಅದು ಬಂದರೆ ಯಜಮಾನರು ಹೊರಗೆ ಕೂತು ಕೈಯಲ್ಲೇ ಉಜ್ಜುತ್ತಾರೆ, ನಾನು ಆ ಕಡೆ ತಲೆ ಹಾಕುವುದಿಲ್ಲ. ಇಷ್ಟೆಲ್ಲ ಮಾಡಿದರೂ ಕೆಲವರಿಗೆ ಕೆಲಸವನ್ನೇ ಬಿಡಬೇಕಾಗುತ್ತದಂತೆ. ನನಗೆ ಹಾಗಾಗಲಿಲ್ಲ. ಅದರಲ್ಲಿ ನನ್ನ ಜಾಣತನದಷ್ಟೇ ಅದೃಷ್ಟವೂ ಇದೆ.

ಮಿಷನ್ನಿನ ಜೊತೆ ಬದುಕುವುದನ್ನು ಹೊಸದಾಗಿ ಕಲಿತೆ. ಉಪ್ಪುಕಾಗದ ಬದಲಿಸುವ ಮುನ್ನ ಪ್ಲಗ್ಗನ್ನು ಗೋಡೆಯಿಂದ ಕಿತ್ತು ಕಣ್ಣೆದುರಿಗೆ ಇಟ್ಟುಕೊಳ್ಳುತ್ತೇನೆ. ಪ್ಲಗ್ಗು ಹಾಕುವ ಮುನ್ನ ಸ್ವಿಚ್ಚು ಆಫ್ ಇದೆಯೇ ಎಂದು ನೋಡುತ್ತೇನೆ, ಇಲ್ಲವಾದರೆ ಅದು ತಾನೇ ಎದ್ದು ಕುಣಿಯುತ್ತದೆ. ವೈರನ್ನು ಹೆಗಲ ಹಿಂದಕ್ಕೆ ಹಾಕಿಕೊಳ್ಳುತ್ತೇನೆ. ಮೊದಲು ಬೇಗ ಮುಗಿಯಲೆಂದು ಒತ್ತುತ್ತಿದ್ದೆ, ಒತ್ತಿದರೆ ಮರ ಸುಡುತ್ತದೆ, ಮೋಟಾರು ನರಳುತ್ತದೆ. ಅದರ ಭಾರಕ್ಕೇ ಬಿಟ್ಟು ಮರದ ನಾರಿನ ಗುಂಟ ಸಾಗಿಸಿದರೆ ಸಾಕು. ಚೀಲ ಅರ್ಧ ತುಂಬುವ ಮೊದಲೇ ಖಾಲಿಯಾಗಬೇಕು, ಅದು ಯಜಮಾನರ ಕೆಲಸ, ಹಿತ್ತಲಿನಾಚೆಯ ಗುಂಡಿಗೆ. ಮೋಟಾರಿನ ಸಂದಿಗಳಲ್ಲಿ ಕೂತ ಧೂಳನ್ನು ಬ್ರಶ್ಶಿನಿಂದ ತೆಗೆಯುವವರೂ ಅವರೇ. ಒಮ್ಮೆ ಒಳಗೆ ಕಿಡಿ ಹೆಚ್ಚಾಗಿ ಕಂಡಾಗ ಮೋಟಾರಿನ ಕಾರ್ಬನ್ ತುಂಡು ಸವೆದಿದೆ ಎಂದು ತಿಳಿದು ಹೊಸದು ಹಾಕಿಸಿದೆವು, ಬಿರುಕು ಬಿಟ್ಟಿದ್ದ ವೈರನ್ನೂ ಬದಲಿಸಿದೆವು. ನನ್ನ ಎದೆಗೂ ಅದಕ್ಕೂ ಒಟ್ಟಿಗೇ ಚಿಕಿತ್ಸೆ ನಡೆಯಿತು ಎಂದು ಯಜಮಾನರು ಈಗಲೂ ತಮಾಷೆ ಮಾಡುತ್ತಾರೆ.

ಎಲ್ಲಕ್ಕಿಂತ ಕಷ್ಟವಾದದ್ದು ಬಾಗಿಲಿನ ಪ್ರಶ್ನೆ. ಮುಚ್ಚಿದ ಕೋಣೆ ನನಗಾಗದು, ತೆರೆದ ಬಾಗಿಲು ಸೀರೆಗಾಗದು. ಬಯಲಲ್ಲಿ ಕೂರೋಣವೆಂದರೆ ನಮ್ಮ ಗಾಳಿ ಹೇಳಿದ ಮಾತು ಕೇಳುವುದಿಲ್ಲ. ಇದನ್ನು ಬಿಡಿಸಿದವರು ಅತ್ತೆ. ಡಾಕ್ಟರಮ್ಮ ಒಪ್ಪಿಗೆ ಕೊಟ್ಟ ಮೇಲೆ ನಾನು ಮೊದಲ ತೇಗದ ಹಲಗೆಯನ್ನು ಹಿತ್ತಲಿಗೆ ತಂದಾಗ ಅವರು ಮಗ್ಗದ ಮೇಲೆ ಪಂಚೆ ಹೊದಿಸಿ, ಮನೆಯ ಬಾಗಿಲು ಮುಚ್ಚಿ, ಹೊರಗೆ ಬಂದರು. ಬೆರಳಲ್ಲಿ ಒಂದು ಎಳೆ ರೇಷ್ಮೆ. ಅದನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದು ನಿಂತರು. ಎಳೆ ಒಂದಿಷ್ಟು ಹೊಯ್ದಾಡಿ, ಒಂದು ಕಡೆಗೆ ನೆಟ್ಟಗೆ ಚಾಚಿತು.

"ಗಾಳಿ ಬ್ರಹ್ಮಗಿರಿ ಗುಡ್ಡದ ಕಡೆ ಹೊಂಟೈತೆ. ಈ ಕಡೆ ಕೂತ್ಕ, ಬೆನ್ನಿಗೆ ಗಾಳಿ ಬರಂಗೆ. ಧೂಳು ಆ ಕಡೆ ಹೋಗ್ಲಿ, ನಮಗೂ ಬ್ಯಾಡ, ಸೀರೆಗೂ ಬ್ಯಾಡ."

ಅಂದಿನಿಂದ ಇವತ್ತಿನವರೆಗೆ ಅತ್ತೆ ಎಳೆ ಎತ್ತದೆ ನಮ್ಮ ಮನೆಯಲ್ಲಿ ಮಿಷನ್ ಸದ್ದು ಮಾಡುವುದಿಲ್ಲ. ಎಳೆ ಗಿರಗಿರನೆ ತಿರುಗಿದರೆ ಅವತ್ತು ರಜೆ. ಆ ಮೊದಲ ದಿನ ಹಲಗೆ ಮುಗಿಸಿ, ಒದ್ದೆ ಬಟ್ಟೆಯಿಂದ ಒರೆಸಿ ಆರಲಿಟ್ಟೆ. ಅತ್ತೆ ಅದೇ ಎಳೆಯನ್ನು ಹಲಗೆಯ ಮೇಲೆ ಇಳಿಬಿಟ್ಟರು. ನಾನೂ ಯಜಮಾನರೂ ಅವರ ಬೆರಳನ್ನೇ ನೋಡುತ್ತ ನಿಂತೆವು. ಎಳೆ ಈ ತುದಿಯಿಂದ ಆ ತುದಿಗೆ ನೀರಿನ ಮೇಲೆ ಹೋದಂತೆ ಹೋಯಿತು. ಅತ್ತೆ ಏನೂ ಅನ್ನಲಿಲ್ಲ. ಏನೂ ಅನ್ನದಿದ್ದರೆ ಪಾಸು ಎಂದರ್ಥ.

ನಿಜವಾದ ಪರೀಕ್ಷೆ ಚಳ್ಳಕೆರೆಯಲ್ಲಿತ್ತು. ಮತ್ತೆ ಕೆಲಸ ಹಿಡಿದ ಮೇಲೆ ಎದೆ ಹೇಗಿದೆಯೆಂದು ಡಾಕ್ಟರಮ್ಮ ನೋಡಬೇಕಿತ್ತು. ಮುಳ್ಳು ಹಿಂದೆ ಬಿದ್ದಿದ್ದರೆ ಮಿಷನ್ ಶಾಶ್ವತವಾಗಿ ಬಿಡಬೇಕು, ಅದರಲ್ಲಿ ಚೌಕಾಸಿಯಿಲ್ಲ ಎಂದಿದ್ದರು. ಅತ್ತೆಯೂ ಬಂದರು. ಬೆಂಚುಗಳು ಎಂದಿನಂತೆ ತುಂಬಿದ್ದವು. ಕುರಿ ಉಣ್ಣೆ ಕತ್ತರಿಸುವ ಒಬ್ಬರು ತಮ್ಮ ಪಂಪನ್ನು ಟವೆಲ್ಲಿನೊಳಗೆ ಮುಚ್ಚಿಕೊಂಡು ಗೋಡೆಗೆ ಮುಖ ಮಾಡಿದ್ದರು. ನಾನು ನನ್ನದನ್ನು ಸೊಂಟದಿಂದ ತೆಗೆದು ತೋರಿಸಿ, "ಕಳ್ಳ ಸಾಮಾನಲ್ಲ ಅಣ್ಣಾರೆ, ಎಲ್ರ ಎದುರಿಗೇ ಎಳ್ಕಳ್ರಿ" ಎಂದೆ. ಅವರು ಸಂಕೋಚದಿಂದ ನಕ್ಕು ಟವೆಲ್ಲು ಸರಿಸಿದರು. ಕಿಟಕಿ ಪಕ್ಕ ಜಾಗ ಖಾಲಿಯಾದಾಗ ಅವರನ್ನೇ ಕೂರಿಸಿದೆ.

ಒಳಗೆ ಹೋದಾಗ ಡಾಕ್ಟರಮ್ಮ ಅದೇ ಪ್ರಶ್ನೆ ಕೇಳಿದರು. "ಈಗ ಎಲ್ಲಿದ್ದರೆ ಕೆಮ್ಮು ಕಡಿಮೆ?"

ಈ ಸಲವೂ ಅತ್ತೆಯೇ ಮೊದಲು. "ನಮ್ಮ ಮನೇಲೇ ಕಮ್ಮಿ ಐತ್ರಿ. ತವರಿಗೆ ಹೋಗಾಕೆ ಈಗ ನೆಪಾನೇ ಇಲ್ಲ ಪಾಪ ಅವಳಿಗೆ."

ಕೊಳವೆ ಕೈಗೆ ಬಂತು. ಎದ್ದು ನಿಂತೆ. ಹೊಟ್ಟೆಯ ತಳದಿಂದ ಉಸಿರು ಎಳೆದುಕೊಂಡೆ, ಎಲ್ಲೂ ಸಿಳ್ಳೆಯಿಲ್ಲ, ತಡೆಯಿಲ್ಲ. ಊದಿದೆ. ಮುಳ್ಳು ಓಡಿತು. ಅತ್ತೆ ಅಂದು ನಿಲ್ಲಿಸಿದ ಜಾಗವನ್ನು ದಾಟಿ ಇನ್ನೂ ಮುಂದೆ ಹೋಗಿ ನಿಂತಿತು.

ಡಾಕ್ಟರಮ್ಮ ಚಪ್ಪಾಳೆ ತಟ್ಟಿಬಿಟ್ಟರು. "ಮಿಷನ್ ಇಟ್ಟುಕೊಳ್ಳಿ. ಪಂಪು, ಮಾಸ್ಕು ಬಿಡಬೇಡಿ. ಆಗಾಗ ಬಂದು ತೋರಿಸಿ" ಎಂದರು.

ಅತ್ತೆ ಕೈ ಚಾಚಿದರು. "ಇಲ್ಲಿ ಕೊಡ್ರಿ." ಕಾಗದದ ತುಂಡು ಬದಲಾಯಿತು. ಅವರು ಸೆರಗು ಸಿಕ್ಕಿಸಿ ಊದಿದರು. ಮುಳ್ಳು ನನ್ನ ಗುರುತಿನವರೆಗೆ ಬರಲಿಲ್ಲ. ಇನ್ನೊಮ್ಮೆ, ಕೆನ್ನೆ ಕೆಂಪಾಗುವಷ್ಟು ಊದಿದರು. ಬರಲಿಲ್ಲ. ಕೊಳವೆಯನ್ನು ಮೇಜಿನ ಮೇಲಿಟ್ಟು, ನನ್ನ ಮುಖ ನೋಡದೆ, ಪರದೆ ಸರಿಸಿ ಹೊರಗೆ ನಡೆದರು. ಸಿಟ್ಟು ಬಂತೇನೋ ಎಂದುಕೊಂಡು ನಾನು ಹಿಂದೆಯೇ ಹೋದೆ. ಅವರು ಬೆಂಚುಗಳ ನಡುವೆ ನಿಂತು, ಅಷ್ಟೂ ಜನ ಕೆಮ್ಮುವವರಿಗೆ ಕೇಳುವಂತೆ ಹೇಳುತ್ತಿದ್ದರು:

"ನಮ್ಮ ಸೊಸೆ ನನ್ನ ಸೋಲಿಸಿದ್ಲು!"